ಮುಷ್ಟಿಮಲ್ಲ ಸಲಿವನ್ನನೂ ಮದ್ಯಪಾನವೂ



ಮದ್ಯಪಾನದ ಕೇಡನ್ನು ಕುರಿತು ಹಿರಿಯರು ಹೇಳಿರುವುದನ್ನು ಈ ಸಭೆಯವರು ಬಹುಸಲ ಕೇಳಿರುವರು. ಕೇಳಿ ತಲೆದೂಗಿದವರ ಮನೆಗಳಲ್ಲಿಯೇ ಕುಡಿತದಿಂದ ಕೆಟ್ಟ ಮಕ್ಕಳಿರುವುದೂ ಉಂಟು. ಕುಡಿಯಬಾರದೆಂಬ ಮಾತು ಕುಡಿಯುವವನಿಗೆ ತಿಳಿಯದ ಸಂಗತಿಯಲ್ಲ. ಬಿಡುವುದು ಹೇಗೆ, ಬಿಟ್ಟುದು ನಿಲ್ಲುವುದು ಹೇಗೆ ಎಂಬುದೇ ಅವನ ಸಂಕಟ. ಆದಕಾರಣ ಇಂದು ಶಾಸ್ತ್ರವಾಕ್ಯಗಳನ್ನು ಬದಿಗಿರಿಸಿ, ಎರಡು ಸಲ ಕುಡಿತದಿಂದ ಮೇಲಕ್ಕೆದ್ದು, ಒಂದು ಸಲ ಮರಳಿ ಬಿದ್ದು, ಎರಡನೆಯ ಸಲ ನಿಂತ ಒಬ್ಬ ಮನುಷ್ಯನ ಚರಿತ್ರೆಯನ್ನು ಹೇಳುವುದು ಲೇಸು. ಆತನು ಈ ನಾಡಿನವನಲ್ಲ. ಅಮೆರಿಕಾ ದೇಶದ ಬೋಸ್ಟನ್ ನಗರದವನು. ಸಾಧುವಲ್ಲ, ಪಂಡಿತನಲ್ಲ, ಮುಷ್ಟಿಯುದ್ಧವನ್ನೇ ಜೀವನೋಪಾಯವಾಗಿ ಮಾಡಿಕೊಂಡಿದ್ದ ಜಟ್ಟಿ. ಹೆಸರು ಜಾನ್ ಲಾರೆನ್ಸ್ ಸಲಿವನ್.

ಈತನು 1858ನೆಯ ಇಸವಿ ಅಕ್ಟೋಬರ 15ರಂದು ಐರ್ಲೆಂಡಿನಿಂದ ವಲಸೆ ಬಂದ ಬಡವರ ಮನೆಯಲ್ಲಿ ಜನಿಸಿದನು. ತಂದೆಯು ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಗಾರೆಗಳನ್ನು ಹೊರುತ್ತಿದ್ದ ಕೂಲಿಯವನು, ಆಕಾರದಲ್ಲಿ ಗಿಡ್ಡನು. ತಾಯಿಯು ಭಾರಿ ಮೈಕಟ್ಟಿನವಳು. ಮಗನಿಗೆ ಬಂದುದು ತಾಯಿಯ ಮೈಕಟ್ಟು. ಅವನು ಪಾದ್ರಿಯಾಗಬೇಕೆಂದು ಆಕೆಗೆ ಆಸೆಯಿತ್ತು. ಮಗನಾದರೋ ನಲ್ಲಿ ಜೋಡಿಸುವ ಕೆಲಸ, ತಗಡಿನ ಕೆಲಸ, ಗಾರೆ ಕೆಲಸ ಎಂದು ಒಂದೊಂದನ್ನೂ ಹಿಡಿದು ಬಿಟ್ಟು, ಕಡೆಗೆ ತನ್ನ ಎರಡು ಮುಷ್ಟಿಗಳನ್ನೇ ನೆಚ್ಚಿದನು. 1882ನೆಯ ಫೆಬ್ರವರಿ 7ರಂದು ಮಿಸಿಸಿಪಿ ಸೀಮೆಯಲ್ಲಿ ಪ್ಯಾಡಿ ರಯನ್ ಎಂಬ ಹೆಸರಾಂತ ಮಲ್ಲನನ್ನು ಒಂಬತ್ತು ಸುತ್ತುಗಳಲ್ಲಿ ಕೆಡಹಿ ಅಗ್ರಮಲ್ಲನೆಂಬ ಪಟ್ಟವನ್ನು ಪಡೆದಾಗ ಅವನಿಗೆ ಇಪ್ಪತ್ತಮೂರು ವರುಷ.

ಮರುವರುಷ ಅವನು ದೇಶಸಂಚಾರಕ್ಕೆ ಹೊರಟನು. ರೈಲಿನಲ್ಲಿ ಊರಿಂದೂರಿಗೆ ಹೋಗಿ, ನಾಟಕಶಾಲೆಯಲ್ಲಿ ನಿಂತು, ತನ್ನೆದುರು ನಾಲ್ಕು ಸುತ್ತುಗಳವರೆಗೆ ತಾಳಿ ನಿಂತವನಿಗೆ ಬಹುಮಾನ ಕೊಡುವುದಾಗಿ ಸಾರುವನು. ಬಹುಮಾನದ ಮೊಬಲಗು ಏರುತ್ತ ಸಾವಿರ ಡಾಲರಿಗೆ ಮುಟ್ಟಿತು. ಎಂಟು ತಿಂಗಳಲ್ಲಿ ನೂರಕ್ಕೂ ಹೆಚ್ಚು ಊರುಗಳನ್ನು ಸುತ್ತಿದನು. ಕಮ್ಮಾರರು, ಗಣಿಯವರು, ಮರ ಕಡಿಯುವವರು ಆಸೆಯಿಂದ ಮೇಲೆ ಹತ್ತಿ ಬಂದು ಕ್ಷಣದಲ್ಲಿ ನೆಲ ಕಚ್ಚುತ್ತಿದ್ದರು. ಇಷ್ಟು ಜನರು ಕಣ್ಣಾರೆ ಕಂಡ ಜಟ್ಟಿಯು ಅದಕ್ಕೆ ಮೊದಲು ಆ ದೇಶದಲ್ಲಿ ಇರಲಿಲ್ಲ. ಹಣವು ಹೊಳೆಯಾಗಿ ಹರಿಯಿತು.

ಕೇಡು ಹೊಕ್ಕಿದ್ದೂ ಅದೇ ಬಾಗಿಲಿನಿಂದ. ಅವನು ಪಡಖಾನೆಯನ್ನು ಹೊಕ್ಕರೆ ಜನವೆಲ್ಲ ಸುತ್ತುಗಟ್ಟುವುದು. ಅಗ್ರಮಲ್ಲನಿಗೆ ಒಂದು ಬಟ್ಟಲು ಕುಡಿಸಿದೆನೆಂದು ಮೊಮ್ಮಕ್ಕಳಿಗೆ ಹೇಳಿಕೊಳ್ಳುವ ಆಸೆ ಎಲ್ಲರಿಗೂ. ಅವನಾದರೂ ಜಿಪುಣನಲ್ಲ, ಅಂಗಡಿಯಲ್ಲಿದ್ದವರಿಗೆಲ್ಲ ತನ್ನ ಖರ್ಚಿನಲ್ಲಿಯೇ ಕುಡಿಸುವನು. ಅಲ್ಲಿದ್ದವರಲ್ಲಿ ಯಾರನ್ನಾದರೂ ಹೊಡೆದು ಕೆಡಹಬಲ್ಲೆನೆಂದು ಅಬ್ಬರಿಸುವುದು ಅವನ ವಾಡಿಕೆಯಾಯಿತು. ಹೊಗಳಿಕೆಯೂ ಮದ್ಯವೂ ಒಂದೇ ಬಟ್ಟಲಿನಲ್ಲಿ ಬಂದರೆ ಯಾವುದು ಅಮಲೇರಿಸಿತೆಂದು ಕುಡಿದವನಿಗೇ ತಿಳಿಯದು. 1884ನೆಯ ಜೂನ್ ತಿಂಗಳಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಚೌಕದ ರಂಗಮಂದಿರದಲ್ಲಿ ಇಂಗ್ಲೆಂಡಿನ ಚಾರ್ಲಿ ಮಿಚೆಲ್ಲನೊಡನೆ ಅವನ ಕಾಳಗವು ಗೊತ್ತಾಗಿದ್ದಿತು. ಸಾವಿರಾರು ಜನರು ಹಣ ತೆತ್ತು ಕುಳಿತಿದ್ದರು. ಸಲಿವನ್ನನು ವಿಲಾಸದ ಉಡುಪು ತೊಟ್ಟು, ಅಂಗಿಗೆ ವಜ್ರ ಧರಿಸಿ, ತೂರಾಡುತ್ತ ಬಂದು, ತನಗೆ ದೇಹಾಲಸ್ಯವೆಂದು ಹೇಳಿ ಹೊರಟುಹೋದನು. ಅದು ಎಂತಹ ಆಲಸ್ಯವೆಂಬುದು ಕಡೆಯ ಬೆಂಚಿನವನಿಗೂ ಕಂಡಿತು.

ಹೊರಗಣ ಅವಮಾನಕ್ಕಿಂತ ಮನೆಯೊಳಗಣ ಕಷ್ಟವು ಹೆಚ್ಚಿನದು. 1883ರಲ್ಲಿ ಕೈಹಿಡಿದ ಹೆಂಡತಿಯು ಎರಡೇ ವರುಷಗಳಲ್ಲಿ, ಗಂಡನು ಕುಡಿದು ಕ್ರೂರವಾಗಿ ನಡೆಸಿಕೊಳ್ಳುವನೆಂದು ನ್ಯಾಯಸ್ಥಾನದಲ್ಲಿ ವಿವಾಹ ವಿಚ್ಛೇದವನ್ನು ಬೇಡಿದಳು. ನ್ಯಾಯಸ್ಥಾನವು ಕೊಡಲಿಲ್ಲ. ಅವರ ಒಬ್ಬನೇ ಮಗನು ಎಳೆವಯಸ್ಸಿನಲ್ಲಿಯೇ ತೀರಿಕೊಂಡನು. ಜಟ್ಟಿಗಳ ಚರಿತ್ರೆಯನ್ನು ಬರೆಯುವವರು ಇಂತಹ ಸಂಗತಿಗಳನ್ನು ಒಂದು ಸಾಲಿನಲ್ಲಿ ದಾಟಿಬಿಡುವುದು ವಾಡಿಕೆ. ಅಖಾಡದಲ್ಲಿ ಬಿದ್ದವರ ಲೆಕ್ಕವನ್ನು ಇಟ್ಟವರುಂಟು. ಅವನ ಮನೆಯಲ್ಲಿ ಹೆದರಿ ರಾತ್ರಿಗಳನ್ನು ಕಳೆದವಳ ಲೆಕ್ಕವನ್ನು ಇಟ್ಟವರಿಲ್ಲ.

1887ನೆಯ ಆಗಸ್ಟಿನಲ್ಲಿ ಬೋಸ್ಟನ್ ನಗರದವರು ಅವನಿಗೆ ವಜ್ರಖಚಿತವಾದ ಚಿನ್ನದ ನಡುಕಟ್ಟೊಂದನ್ನು ತೊಡಿಸಿದರು. ಅದೇ ವರುಷದ ಕಡೆಯಲ್ಲಿ ಲಂಡನ್ನಿಗೆ ಹೋಗಿ ಯುವರಾಜನ ಭೇಟಿಯನ್ನೂ ಪಡೆದನು. ಆದರೆ ಒಳಗೆ ಶರೀರವು ಹುಳು ಹಿಡಿದ ತೊಲೆಯಂತಾಗಿದ್ದಿತು. 1888ನೆಯ ಮಾರ್ಚಿ 10ರಂದು ಫ್ರಾನ್ಸಿನ ಶಾಂಟಿಯಿ ಎಂಬಲ್ಲಿ, ಮಳೆಯಲ್ಲಿ, ಕೆಸರಿನಲ್ಲಿ, ತನಗಿಂತ ಬಹಳ ಹಗುರನಾದ ಅದೇ ಮಿಚೆಲ್ಲನೊಡನೆ ಮೂವತ್ತೊಂಬತ್ತು ಸುತ್ತು ಹೋರಾಡಿಯೂ ಗೆಲ್ಲಲಾರದೆ ಸಮವೆಂದು ಕೈಬಿಡಬೇಕಾಯಿತು. ಊರಿಗೆ ಮರಳಿದ ಮೇಲೆ ಅದೇ ವರುಷ ಜ್ವರ, ಜಠರದ ಬೇನೆ, ಯಕೃತ್ತಿನ ಬೇನೆಗಳಿಂದ ಹಾಸಿಗೆ ಹಿಡಿದನು. ಬದುಕುವ ಭರವಸೆಯನ್ನೇ ಕೆಲವರು ಬಿಟ್ಟಿದ್ದರು. ಎದ್ದಾಗ ಊರುಗೋಲಿನ ಮೇಲೆ ನಡೆಯುತ್ತಿದ್ದನು. ಈ ನಡುವೆ ಅವನನ್ನು ಕಂಡರಾಗದ ಪತ್ರಿಕಾಧಿಪತಿ ರಿಚರ್ಡ್ ಫಾಕ್ಸ್ ಎಂಬವನು ಜೇಕ್ ಕಿಲ್ರೈನ್ ಎಂಬ ಬೇರೊಬ್ಬ ಮಲ್ಲನಿಗೆ ಅಗ್ರಮಲ್ಲನ ಪಟ್ಟವನ್ನು ಕಟ್ಟಿಬಿಟ್ಟಿದ್ದನು. ಇಂಥ ದೆಸೆಯಲ್ಲಿ, 1889ನೆಯ ಜನವರಿಯಲ್ಲಿ, ಒಂದೊಂದು ಪಕ್ಷಕ್ಕೆ ಹತ್ತು ಸಾವಿರ ಡಾಲರು ಪಣವಿಟ್ಟು ಕಿಲ್ರೈನನೊಡನೆ ಬರಿಮುಷ್ಟಿಯಿಂದ ಕಾದುವೆನೆಂದು ಸಲಿವನ್ನನು ಕರಾರಿಗೆ ರುಜು ಹಾಕಿದನು.

ರುಜು ಹಾಕುವುದು ಸುಲಭ. ಇನ್ನೂರನಾಲ್ವತ್ತು ರಾತಲಿಗೆ ಏರಿದ್ದ ಆ ಊದಿದ ಮೈಯನ್ನು ಅಖಾಡಕ್ಕೆ ಇಳಿಸುವವರು ಯಾರು? ಅವನ ಪಕ್ಷದವರು ವಿಲಿಯಂ ಮಲ್ಡೂನನ ಬಳಿಗೆ ಹೋದರು. ಈತನು ಕುಸ್ತಿಯಲ್ಲಿ ಅಮೆರಿಕಾದಲ್ಲೆಲ್ಲ ಹೆಸರಾದವನು, ಹಿಂದೆ ನ್ಯೂಯಾರ್ಕಿನ ಪೊಲೀಸಿನಲ್ಲಿದ್ದವನು, ಕಟ್ಟುನಿಟ್ಟಿನ ಮನುಷ್ಯ. ಗರಡಿಯ ವಸ್ತಾದನೆಂದರೆ ಈ ನಾಡಿನವರಿಗೆ ಎಂತಹ ಮೂರ್ತಿಯು ಕಣ್ಣಿಗೆ ಕಟ್ಟುವುದೋ ಅಂತಹನು. ಖರ್ಚೆಲ್ಲ ತನ್ನದೇ, ಸಲಿವನ್ನನು ಸೋತರೆ ತನಗೊಂದು ಕಾಸೂ ಬೇಡವೆಂದು ಒಪ್ಪಿ, ನ್ಯೂಯಾರ್ಕ್ ಸಂಸ್ಥಾನದ ಬೆಲ್‌ಫಾಸ್ಟ್ ಎಂಬ ಹಳ್ಳಿಯಲ್ಲಿದ್ದ ತನ್ನ ಒಕ್ಕಲುಮನೆಗೆ ಅವನನ್ನು ಕರೆದುಕೊಂಡು ಹೋದನು.

ಅಲ್ಲಿ ಮಲ್ಡೂನನು ನಡಸಿದ ಕ್ರಮವು ವಿಚಾರಯೋಗ್ಯವಾದುದು. ಮೊದಲನೆಯದಾಗಿ, ಹಳ್ಳಿಯ ಮದ್ಯದಂಗಡಿಯವರಿಗೆಲ್ಲ ಈತನಿಗೆ ಒಂದು ತೊಟ್ಟೂ ಕೊಡಕೂಡದೆಂದು ಕಟ್ಟಪ್ಪಣೆ ಮಾಡಿದನು. ಬಳಿಕ ಬರಿಯ ಕಸರತ್ತಿಗೆ ಹಚ್ಚದೆ ಹೊಲದ ಕೆಲಸಕ್ಕೆ ಹಚ್ಚಿದನು. ಅಗ್ರಮಲ್ಲನು ನೇಗಿಲು ಹಿಡಿದನು, ಸೌದೆ ಒಡೆದನು, ಹಸುಗಳ ಹಾಲು ಕರೆದನು. ಅದರ ಮೇಲೆ ಹರದಾರಿಗಟ್ಟಲೆ ನಡಿಗೆ, ಕೊಟ್ಟಿಗೆಯೊಳಗೆ ಹಗ್ಗದ ಮೇಲೆ ನೆಗೆತ, ಭಾರದ ಚೆಂಡಿನ ಎಸೆತ, ಮಲ್ಡೂನನೊಡನೆಯೇ ಕುಸ್ತಿ. ಬೆವರು ಹರಿದ ಮೇಲೆ ಮೈ ತೊಳೆದು ಉಜ್ಜಿಸಿಕೊಳ್ಳುವುದು. ಹೊತ್ತಿಗೆ ಸರಿಯಾಗಿ ಮಿತವಾದ ಊಟ, ಹೊತ್ತಿಗೆ ಸರಿಯಾಗಿ ನಿದ್ರೆ. ವಸ್ತಾದನು ಶಿಷ್ಯನನ್ನು ಕಣ್ಣರೆಪ್ಪೆಯಂತೆ ಕಾದನು. ಶಿಷ್ಯನು ಒಮ್ಮೊಮ್ಮೆ ಕಣ್ಣು ತಪ್ಪಿಸಿ ಪಡಖಾನೆಗೆ ಓಡುವನು. ಗುರುವು ಹುಡುಕಿ ಎಳೆದು ತರುವನು. ಇಬ್ಬರಿಗೂ ಮಾತಿಗೆ ಮಾತು ಬೆಳೆದುದೂ ಉಂಟು. ಆ ಮೇ ತಿಂಗಳಿನಲ್ಲಿ ನೆಲ್ಲಿ ಬ್ಲೈ ಎಂಬ ಹೆಸರಾಂತ ಪತ್ರಿಕಾಲೇಖಕಿಯು ಹಳ್ಳಿಗೆ ಹೋಗಿ ಸಲಿವನ್ನನನ್ನು ಮಾತನಾಡಿಸಿ ಬರೆದಳು. ಈ ಸಾಧನೆಯು ತನಗೆ ಕಿಂಚಿತ್ತೂ ಹಿಡಿಸದೆಂಬುದನ್ನು ಅವನು ಆಕೆಯೊಡನೆ ಮರೆಮಾಚಲಿಲ್ಲ. ಈ ಮಾತು ಮುಂದೆ ಬೇಕಾಗುವುದು, ನೆನಪಿನಲ್ಲಿರಲಿ. ಹೇಗೂ ಬೇಸಿಗೆಯ ಹೊತ್ತಿಗೆ ಮೈಯ ತೂಕವು ಇನ್ನೂರಹದಿನೈದು ರಾತಲಿನ ಸುಮಾರಿಗೆ ಇಳಿದು, ತೊಗಲಿಗೆ ಹೊಳಪು ಬಂದು, ಕಣ್ಣು ತಿಳಿಯಾಗಿದ್ದಿತು. ಆ ಕೊಟ್ಟಿಗೆಗಳು ಇಂದಿಗೂ ಬೆಲ್‌ಫಾಸ್ಟಿನಲ್ಲಿ ಬರಿಮುಷ್ಟಿಯ ಮಲ್ಲರ ಸ್ಮಾರಕವಾಗಿ ಉಳಿದಿವೆ.

ಮುಷ್ಟಿಯುದ್ಧದ ಹಳೆಯ ಕಟ್ಟಳೆಯನ್ನು ಇಲ್ಲಿ ಒಂದೆರಡು ಮಾತಿನಲ್ಲಿ ತಿಳಿಸಬೇಕು. ಸುತ್ತಿಗೆ ಇಂತಿಷ್ಟು ನಿಮಿಷವೆಂಬುದಿಲ್ಲ. ಇಬ್ಬರಲ್ಲಿ ಒಬ್ಬನು ನೆಲಕ್ಕೆ ಬಿದ್ದರೆ ಸುತ್ತು ಮುಗಿಯಿತು. ಅರ್ಧ ನಿಮಿಷದ ವಿಶ್ರಾಂತಿ. ಬಳಿಕ ನಡುವಣ ಗೆರೆಗೆ ಬಂದು ನಿಲ್ಲಲಾರದವನು ಸೋತಂತೆ. ಆದುದರಿಂದ ಏಟಿನ ಬಲಕ್ಕಿಂತ ತಾಳುವ ಬಲವೇ ಮುಖ್ಯ. ಕುಡಿದು ಕೆಟ್ಟ ಶರೀರಕ್ಕೆ ಇಲ್ಲದಿರುವುದೂ ಅದೇ.

ಈ ಕಾಳಗವು ಕಾನೂನಿಗೆ ವಿರುದ್ಧವಾದುದು. ಸ್ಥಳವನ್ನು ಗುಟ್ಟಾಗಿಟ್ಟು, ನೋಡುವವರನ್ನು ನ್ಯೂ ಆರ್ಲಿಯನ್ಸಿನಿಂದ ವಿಶೇಷ ರೈಲುಗಳಲ್ಲಿ ತುಂಬಿ, ಮಿಸಿಸಿಪಿಯ ರಿಚ್‌ಬರ್ಗ್ ಎಂಬಲ್ಲಿ ಪೈನ್ ಮರಗಳ ನಡುವೆ ಇಳಿಸಿದರು. 1889ನೆಯ ಜುಲೈ 8ನೆಯ ದಿನ, ನೆತ್ತಿ ಸಿಡಿಯುವಂತಹ ಬಿಸಿಲು. ಕಿಲ್ರೈನನ ಹೂಟವು ಸ್ಪಷ್ಟವಾದುದು: ತಪ್ಪಿಸಿಕೊಳ್ಳುತ್ತ, ಏಟು ಬಿದ್ದರೂ ಬೀಳದಿದ್ದರೂ ನೆಲಕ್ಕೆ ಕುಳಿತು ಸುತ್ತು ಮುಗಿಸುತ್ತ, ಕುಡಿತದಿಂದ ಕೆಟ್ಟವನ ಉಸಿರು ತಾನಾಗಿಯೇ ಅಡಗುವವರೆಗೆ ಕಾಯುವುದು. ನಾಲ್ವತ್ತನಾಲ್ಕನೆಯ ಸುತ್ತಿನಲ್ಲಿ ಅವನೆಣಿಸಿದಂತೆಯೇ ಆಯಿತೆಂದು ತೋರಿತು. ಪಕ್ಷದವರು ತಣ್ಣನೆಯ ಚಹಕ್ಕೆ ವಿಸ್ಕಿಯನ್ನು ಬೆರಸಿ ಕೊಟ್ಟಿದ್ದರು. ಸಲಿವನ್ನನು ಅಖಾಡದಲ್ಲಿಯೇ ವಾಂತಿ ಮಾಡಿಕೊಂಡನು. ಅವನ ಹೊಟ್ಟೆಯು ವಿಸ್ಕಿಯನ್ನು ಇಟ್ಟುಕೊಂಡು ಚಹವನ್ನು ಮಾತ್ರ ಹೊರಹಾಕಿತೆಂದು ಆ ಕಾಲದ ಕುಚೋದ್ಯಗಾರರು ನಕ್ಕರು. ಕಿಲ್ರೈನನು ಸಮವೆಂದು ನಿಲ್ಲಿಸೋಣವೆ ಎಂದು ಕೇಳಿದನು. ಸಲಿವನ್ನನು ಒಲ್ಲೆನೆಂದನು. ಅಲ್ಲಿಂದ ಮುಂದೆ ನೇಗಿಲು ಹಿಡಿದ ತಿಂಗಳುಗಳು ಫಲ ಕೊಟ್ಟವು. ಐವತ್ತು, ಅರುವತ್ತು, ಎಪ್ಪತ್ತು ಸುತ್ತುಗಳಾದವು. ಅವನ ಕಾಲು ಕುಸಿಯಲಿಲ್ಲ. ಎಪ್ಪತ್ತೈದನೆಯ ಸುತ್ತು ಮುಗಿದಾಗ ಕಿಲ್ರೈನನ ತಲೆಯು ಹೆಗಲ ಮೇಲೆ ನಿಲ್ಲದಾಗಿತ್ತು. ಇನ್ನೊಮ್ಮೆ ಕಳುಹಿದರೆ ಪ್ರಾಣವೇ ಹೋದೀತೆಂದು ಹೆದರಿ ಅವನ ಪಕ್ಷದ ಮೈಕ್ ಡೊನೊವನ್ ಸೋಲನ್ನು ಒಪ್ಪಿಕೊಂಡನು. ಎರಡು ಗಂಟೆ ಹದಿನಾರು ನಿಮಿಷಗಳ ಕಾಳಗ! ಬರಿಮುಷ್ಟಿಯಿಂದ ಅಗ್ರಮಲ್ಲನ ಪಟ್ಟಕ್ಕೆ ನಡೆದ ದೊಡ್ಡ ಕಾಳಗಗಳಲ್ಲಿ ಅದೇ ಕಡೆಯದು.

ಇಷ್ಟಕ್ಕೆ ಕಥೆಯು ಮುಗಿದಿದ್ದರೆ ಹೇಳುವವರಿಗೂ ಕೇಳುವವರಿಗೂ ಸುಖವಾಗುತ್ತಿದ್ದಿತು. ಆದರೆ ಕಾಳಗವು ಮುಗಿದ ಕೂಡಲೇ ಸಲಿವನ್ನನು ಮರಳಿ ಕುಡಿದನು. ಕಾನೂನನ್ನು ಮೀರಿದುದಕ್ಕಾಗಿ ಮಿಸಿಸಿಪಿಯ ಸರಕಾರವು ಅವನನ್ನು ಹಿಡಿತರಿಸಿತು. ಆ ವ್ಯವಹಾರದಲ್ಲಿ ಗೆದ್ದ ಹಣದ ಬಹುಭಾಗವು ಕರಗಿತು. ಬಳಿಕ ನಾಟಕದ ಕಂಪನಿಯನ್ನು ಸೇರಿ ವೇಷ ಹಾಕಿದನು, 1891ರಲ್ಲಿ ಆಸ್ಟ್ರೇಲಿಯಾದವರೆಗೂ ಹೋಗಿಬಂದನು. ಮೂರು ವರುಷಗಳ ಕಾಲ ಪಟ್ಟಕ್ಕಾಗಿ ಕೈ ಎತ್ತಲಿಲ್ಲ. ಎತ್ತಿದುದು ಬಟ್ಟಲನ್ನು ಮಾತ್ರ.

ಮಲ್ಡೂನನ ಅಷ್ಟು ಶ್ರಮವು ಏಕೆ ನೀರಿನಲ್ಲಿ ಮಾಡಿದ ಹೋಮವಾಯಿತು? ವಸ್ತಾದನಲ್ಲಿ ಕೊರತೆಯಿರಲಿಲ್ಲ. ಆದರೆ ಬೆಲ್‌ಫಾಸ್ಟಿನಲ್ಲಿ ಮದ್ಯವನ್ನು ಬಿಟ್ಟವನು ಸಲಿವನ್ನನಲ್ಲ, ಮಲ್ಡೂನನು ಬಿಡಿಸಿದ್ದನು. ಅಂಗಡಿಯ ಬಾಗಿಲು ಮುಚ್ಚಿದ್ದಿತು, ಮನಸ್ಸಿನ ಬಾಗಿಲು ತೆರೆದೇ ಇದ್ದಿತು. ತನಗೆ ಹಿಡಿಸದೆಂದು ಆತನೇ ಆಡಿದ ಮಾತು ನೆನಪಿರಬಹುದು. ಜುಲೈ 8ನೆಯ ದಿನ ಒಂದು ಗುರಿಯಿದ್ದಿತು. 9ನೆಯ ದಿನ ಯಾವ ಗುರಿಯೂ ಇರಲಿಲ್ಲ. ಒಂದು ಜಾತ್ರೆಯ ಕುಸ್ತಿಗಾಗಿ ವ್ರತ ಹಿಡಿದ ಪೈಲವಾನನು ಜಾತ್ರೆ ಮುಗಿದ ರಾತ್ರಿಯೇ ವ್ರತಭಂಗ ಮಾಡುವುದನ್ನು ಗರಡಿಯ ಹತ್ತಿರದವರು ಕಾಣದೆ ಇಲ್ಲ.

1892ನೆಯ ಸೆಪ್ಟೆಂಬರ 7ರ ರಾತ್ರಿ ನ್ಯೂ ಆರ್ಲಿಯನ್ಸಿನಲ್ಲಿ, ವಿದ್ಯುದ್ದೀಪಗಳ ಕೆಳಗೆ, ಕೈಚೀಲಗಳನ್ನು ತೊಟ್ಟು, ಸ್ಯಾನ್ ಫ್ರಾನ್ಸಿಸ್ಕೋ ನಗರದ ಜೇಮ್ಸ್ ಕಾರ್ಬೆಟ್ಟನೆದುರಿಗೆ ಅವನು ನಿಂತನು. ಕಾರ್ಬೆಟ್ಟನು ಇಪ್ಪತ್ತಾರರ ತರುಣ, ಹಿಂದೆ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಹಗುರ ಹೆಜ್ಜೆಯವನು. ಸಲಿವನ್ನನ ಏಟುಗಳು ಗಾಳಿಯನ್ನು ಹೊಡೆದವು. ಇಪ್ಪತ್ತೊಂದನೆಯ ಸುತ್ತಿನಲ್ಲಿ ಅಗ್ರಮಲ್ಲನು ಮಕಾಡೆ ಬಿದ್ದನು, ಏಳಲಿಲ್ಲ. ಕುಡಿತವೇ ಅವನನ್ನು ಸೋಲಿಸಿತೆಂದು ಮದ್ಯವಿರೋಧಿಗಳಾದವರು ಭಾಷಣಗಳಲ್ಲಿ ಹೇಳುವುದುಂಟು. ಅದು ಪೂರ್ಣ ನ್ಯಾಯವಲ್ಲ. ಕಾರ್ಬೆಟ್ಟನ ವಿದ್ಯೆಯು ಹೊಸದು, ಚುರುಕಾದುದು. ಕುಡಿಯದ ಸಲಿವನ್ನನಿಗೂ ಅದು ಕಠಿನವೇ ಆಗುತ್ತಿದ್ದಿತು. ಒಳ್ಳೆಯ ಪಕ್ಷವನ್ನು ಹಿಡಿದವರು ಸುಳ್ಳು ಸಾಕ್ಷಿಯನ್ನು ಕರೆಯಬೇಕಾಗಿಲ್ಲ. ಹಾಗೆಯೇ ಅವನ ಎಲ್ಲ ದೋಷಗಳನ್ನೂ ಮದ್ಯದ ತಲೆಗೆ ಕಟ್ಟುವುದೂ ಸಲ್ಲದು. ಪೀಟರ್ ಜ್ಯಾಕ್ಸನ್ ಎಂಬ ಕರಿಯ ಮಲ್ಲನು ಆ ಕಾಲದಲ್ಲಿ ಯಾರಿಗೂ ಕಡಮೆಯಿಲ್ಲದವನಾಗಿದ್ದನು. ಚರ್ಮದ ಬಣ್ಣವನ್ನು ಕಾರಣವಾಗಿ ಮುಂದೊಡ್ಡಿ ಸಲಿವನ್ನನು ಅವನೊಡನೆ ಸೆಣಸಲು ಒಪ್ಪಲಿಲ್ಲ. ಆ ನಿರಾಕರಣವನ್ನು ಅವನು ಸ್ವಸ್ಥಚಿತ್ತದಿಂದಲೇ ಮಾಡಿದನು.

ಸೋತ ರಾತ್ರಿ ಒಂದು ದೊಡ್ಡತನವನ್ನೂ ತೋರಿದನು. ಹಗ್ಗವನ್ನು ಹಿಡಿದು ನಿಂತು, ಪಟ್ಟವು ಅಮೆರಿಕಾದವನಿಗೇ ಹೋದುದು ತನಗೆ ಸಂತೋಷವೆಂದು ಸಭೆಗೆ ಹೇಳಿ ಇಳಿದನು. ಅನಂತರದ ಹನ್ನೆರಡು ವರುಷಗಳು ಹೇಳಲು ಯೋಗ್ಯವಲ್ಲ. ಪಡಖಾನೆ ಇಟ್ಟನು, ಕೆಟ್ಟನು. 1896ರಲ್ಲಿ ಓಡುವ ರೈಲಿನಿಂದ ಬಿದ್ದು ಗಾಯಗೊಂಡನು. 1902ರಲ್ಲಿ ದಿವಾಳಿಯೆಂದು ಅರ್ಜಿ ಕೊಟ್ಟನು. ಲಕ್ಷಗಟ್ಟಲೆ ಡಾಲರು ಗಳಿಸಿದ ಕೈ ಬರಿದಾಯಿತು.

1905ನೆಯ ಮಾರ್ಚಿಯ ಮೊದಲ ದಿನ, ನಾಲ್ವತ್ತಾರು ವರುಷದವನಾಗಿ, ಇನ್ನೂರೆಪ್ಪತ್ತು ರಾತಲಿಗೂ ಮಿಕ್ಕಿದ ಮೈ ಹೊತ್ತು, ಹಣದ ಅಡಚಣೆಗಾಗಿ ಮಿಚಿಗನ್ ಸಂಸ್ಥಾನದ ಗ್ರ್ಯಾಂಡ್ ರ್‍ಯಾಪಿಡ್ಸ್ ಎಂಬ ಊರಿನಲ್ಲಿ ಜಿಮ್ ಮೆಕಾರ್ಮಿಕ್ ಎಂಬ ತರುಣನೆದುರು ಕೈಚೀಲ ತೊಟ್ಟನು. ಎರಡನೆಯ ಸುತ್ತಿನಲ್ಲಿ ಹಳೆಯ ಬಲಗೈ ಒಮ್ಮೆ ಬೀಸಿತು, ಹುಡುಗನು ಉರುಳಿದನು. ಪತ್ರಿಕೆಗಳು ಕೊಂಡಾಡಿದವು. ಮರಳಿ ಅಖಾಡಕ್ಕೆ ಇಳಿಯಬಹುದೆಂದು ಕೆಲವರು ಉಬ್ಬಿಸಿದರು. ಹಿಂದಿನ ಸಲ ಇಂತಹ ಗೆಲುವಿನ ಬೆನ್ನಲ್ಲಿಯೇ ಅವನು ಬಿದ್ದಿದ್ದನೆಂಬುದನ್ನು ಇಲ್ಲಿ ಗಮನಿಸಬೇಕು.

ಕೆಲವೇ ದಿನಗಳ ಮೇಲೆ ಇಂಡಿಯಾನಾ ಸಂಸ್ಥಾನದ ಟೆರೆ ಹೋಟ್ ಎಂಬ ಊರಿನ ಪಡಖಾನೆಯಲ್ಲಿ, ಅಭಿಮಾನಿಗಳ ನಡುವೆ, ಕೈಯಲ್ಲಿ ಷಾಂಪೇನಿನ ಬಟ್ಟಲು ಹಿಡಿದು ನಿಂತಿದ್ದವನು, ಅದನ್ನು ತುಟಿಗೆ ಒಯ್ಯದೆ, ಹತ್ತಿರದಲ್ಲಿದ್ದ ಉಗುಳುವ ಪಾತ್ರೆಗೆ ಸುರಿದುಬಿಟ್ಟನು. ಇನ್ನೊಂದು ಗುಟುಕು ಕುಡಿದೆನಾದರೆ ಅದು ಗಂಟಲಲ್ಲಿಯೇ ಸಿಕ್ಕಿ ತನ್ನ ಉಸಿರು ಕಟ್ಟಲಿ ಎಂದು ಆಣೆಯಿಟ್ಟನೆಂಬುದು ಪ್ರಸಿದ್ಧಿ. ಸುತ್ತಲಿದ್ದವರು ನಕ್ಕಿದ್ದರೆ ಅವರನ್ನು ದೂರುವಂತಿಲ್ಲ. ಕುಡಿಯುವವರ ಆಣೆಗಳನ್ನು ಕೇಳಿದವರು ಯಾರೂ ನಗುವರು. ಆದರೆ ಆ ಆಣೆಯು ಮುರಿಯಲಿಲ್ಲ. ಅಂಗಡಿಯವನಿಗೆ ಕಟ್ಟಪ್ಪಣೆ ಮಾಡುವ ಮಲ್ಡೂನನು ಅಲ್ಲಿರಲಿಲ್ಲ. ಪಣವಿರಲಿಲ್ಲ, ಕರಾರಿರಲಿಲ್ಲ, ಗೆಲ್ಲಬೇಕಾದ ದಿನವೊಂದು ಗೊತ್ತಾಗಿರಲಿಲ್ಲ. ಮದ್ಯವು ಕೈಗೆಟುಕುವಲ್ಲಿಯೇ ಇದ್ದಾಗ, ಗೆದ್ದ ಉಬ್ಬಿನಲ್ಲಿದ್ದಾಗ, ತಾನಾಗಿ ಬಿಟ್ಟನು. ವೈದ್ಯರು ಇಂದು ಈ ಚಟವನ್ನು ರೋಗವೆಂದೇ ಎಣಿಸಿ ಚಿಕಿತ್ಸೆ ಮಾಡುವರು. ಬಹುಕಾಲ ಕುಡಿದವನು ಒಮ್ಮೆಲೆ ಬಿಟ್ಟರೆ ಪ್ರಾಣಾಪಾಯವೂ ಉಂಟು, ವೈದ್ಯನ ಸಹಾಯ ಬೇಕೆಂದು ಹೇಳುವರು. ಆ ಮಾತನ್ನು ಮನೆಯವರು ಅಲಕ್ಷಿಸಕೂಡದು. ಸಲಿವನ್ನನ ದೇಹವು ತಾಳಿತೆಂದು ಎಲ್ಲರ ದೇಹವೂ ತಾಳುವುದೆಂದಲ್ಲ.

ಅಖಾಡಕ್ಕೆ ಅವನು ಮರಳಿ ಪಟ್ಟಕ್ಕಾಗಿ ಹೋಗಲಿಲ್ಲ. ಊರೂರು ತಿರುಗಿ ಕುಡಿತದ ಕೇಡನ್ನು ಕುರಿತು ಮಾತನಾಡತೊಡಗಿದನು. ಹಿಂದೆ ಯಾವ ಊರುಗಳಲ್ಲಿ ಜನರಿಗೆ ಕುಡಿಸಿದ್ದನೋ ಅವೇ ಊರುಗಳು. ಪಂಡಿತರ ಉಪದೇಶಕ್ಕೆ ಬಾರದ ಗಾಡಿಯವರೂ ಕೂಲಿಯವರೂ ಇವನನ್ನು ಕೇಳಲು ಬಂದರು. 1910ರಲ್ಲಿ ತನ್ನ ಬಾಲ್ಯದ ಪರಿಚಯದ ಕೇಟ್ ಹಾರ್ಕಿನ್ಸ್ ಎಂಬಾಕೆಯನ್ನು ಮದುವೆಯಾಗಿ, ಮ್ಯಾಸಚುಸೆಟ್ಸಿನ ಆಬಿಂಗ್ಟನ್ ಎಂಬಲ್ಲಿ ಹೊಲ ಹಿಡಿದು, ಒಬ್ಬ ಹುಡುಗನನ್ನು ಸಾಕಿಕೊಂಡು ಬಾಳಿದನು. ಬೆಲ್‌ಫಾಸ್ಟಿನಲ್ಲಿ ಗೊಣಗುತ್ತ ಮಾಡಿದ ಒಕ್ಕಲುತನವನ್ನು ಇಲ್ಲಿ ಯಾರ ಒತ್ತಾಯವೂ ಇಲ್ಲದೆ ಮಾಡಿದನು. ಹೆಂಡತಿಯು ಅವನಿಗಿಂತ ಮೊದಲು ತೀರಿಕೊಂಡಳು. ಆ ದುಃಖದಲ್ಲಿಯೂ ಅವನು ಬಟ್ಟಲನ್ನು ಮುಟ್ಟಲಿಲ್ಲ.

1918ನೆಯ ಫೆಬ್ರವರಿ 2ರಂದು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಅದೇ ಮನೆಯಲ್ಲಿ ತೀರಿಕೊಂಡನು. ಆ ಚಳಿಗಾಲದಲ್ಲಿ ಬೋಸ್ಟನ್ನಿನ ನೆಲವು ಕಲ್ಲಿನಂತೆ ಹೆಪ್ಪುಗಟ್ಟಿ, ಸಿಡಿಮದ್ದನ್ನು ಹಾಕಿ ಗುಂಡಿ ತೋಡಬೇಕಾಯಿತೆಂದು ಹೇಳುವರು. ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಒಬ್ಬನು, ರಿಚ್‌ಬರ್ಗಿನ ಬಿಸಿಲಿನಲ್ಲಿ ಎಪ್ಪತ್ತೈದು ಸುತ್ತುಗಳವರೆಗೆ ಅವನೆದುರು ನಿಂತಿದ್ದ ಜೇಕ್ ಕಿಲ್ರೈನ್.